ಪೆಡಲ್ ಆಮ್ಯಾಲ, ಮೊದಲು ಸ್ಕ್ರೂಡ್ರೈವರ್

1/10
ಫೋಟೋ: ಅಟ್ಟದಿಂದ ಇಳಿಸಿದ ಬೇಸ್ ಗಿಟಾರ್, ಧೂಳಿನ ಸಮೇತ

ದೋಸ್ತರ, ಈ ಸಲ ರೀಲ್ ಇಲ್ಲ. ಬರದೀನಿ, ಓದ್ರಿ. ಹತ್ತು ಭಾಗ ಅದಾವ, ದಿನಕ್ಕೊಂದು ಹಾಕ್ತೀನಿ.

ಫೋಟೋದಾಗಿನ ಬೇಸ್ ನಂದಲ್ಲ. ನಮ್ಮ ಕ್ಲಾಸಿನ ಒಬ್ಬ ದೋಸ್ತಂದು. ಹೆಸರು ಹಾಕಬ್ಯಾಡ ಅಂದಾನ, ಹಾಕೂದಿಲ್ಲ. ಎರಡು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ತಗೊಂಡ. ಆರು ತಿಂಗಳು ದಿನಾ ಸಂಜಿಕ ಕುಂತು ಬಾರಿಸಿದ. ಬೆರಳಿಗೆ ಬೊಬ್ಬಿ ಬಂದ್ವು. ಮೊದಲನೇ ಫ್ರೆಟ್ಟಿನ್ಯಾಗ ಒಂದ ಒಂದು ಸ್ವರ ಸ್ವಚ್ಛ ಬರಲಿಲ್ಲ. ಕಡೀಕ "ನನ್ನ ಕೈ ಇದಕ್ಕಲ್ಲೋ" ಅಂದು ಅಟ್ಟಕ್ಕ ಏರಿಸಿದ.

ಹೋದ ತಿಂಗಳು ಇಬ್ರೂ ಕೂಡಿ ಅದನ್ನ ಇಳಿಸಿದ್ವಿ. ಸ್ಟೀಲ್ ಸ್ಕೇಲ್ ಹಿಡಿದು ನೋಡಿದ್ರ, 17ನೇ ಫ್ರೆಟ್ಟಿನ ಮ್ಯಾಲ ದಪ್ಪ ತಂತಿ ಬರೋಬ್ಬರಿ 5 ಮಿಲಿಮೀಟರ್ ಎತ್ತರ! ಫೆಂಡರ್ ಕಂಪನಿಯವರು ಹೇಳುವ ಅಳತಿ 6/64 ಇಂಚು, ಅಂದರೆ ಸುಮಾರು 2.4 ಮಿಲಿಮೀಟರ್. ಎರಡು ಪಟ್ಟು ಎತ್ತರ. ಅದನ್ನ ಒತ್ತೂದು ಅಂದ್ರ ಬೇಲಿ ತಂತಿ ಒತ್ತಿದಂಗ.

ಅಂದ್ರ ತಪ್ಪು ಅವನ ಕೈಯಾಗ ಇರಲಿಲ್ಲ. ಎರಡು ಸಣ್ಣ ಸ್ಕ್ರೂದಾಗ ಇತ್ತು. ಅದನ್ನ ಹೇಳುವವರು ಯಾರೂ ಇರಲಿಲ್ಲ, ಅಷ್ಟ.

ಈ ಸರಣಿಯ ಮಾತು ಇಷ್ಟ: ನಮ್ಮ ಕಡೆ ಬೇಸ್ ಬಾರಿಸಾಕ ಬರುವ ಹುಡುಗರು, ಹುಡುಗಿಯರು ಕಲಿಯೂದು ಬಿಡ್ತಾರಲ್ಲ, ಭಾಳ ಸಲ ಅದಕ್ಕ ಕಾರಣ ಪ್ರತಿಭೆ ಇಲ್ಲದ್ದಲ್ಲ. ಕೆಟ್ಟ ಸೆಟಪ್. ಮತ್ತ ಅದಕ್ಕ ಔಷಧ ಅಂತ ನಾವು ಕೊಳ್ಳೂದು ಪೆಡಲ್. ಇದು ಹಲ್ಲು ನೋವಿಗೆ ಹೊಸ ಅಂಗಿ ಹೊಲಿಸಿದಂಗ ಅಂತ ನನ್ನ ಅಭಿಪ್ರಾಯ. ಒಪ್ಪದವರು ಕಾಮೆಂಟಿನ್ಯಾಗ ಜಗಳಾಡ್ರಿ, ಆದ್ರ ಪೂರ್ತಿ ಓದಿ ಜಗಳಾಡ್ರಿ.

2/10
ಫೋಟೋ: ಕಾರ್ಖಾನಿ ಗೇಟಿನ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲು

ಸಮೀರವಾಡಿ ಹುಡುಗರಿಗೆ ಬೇಸ್ ಅಂದ್ರ ಏನು ಅಂತ ಯಾರೂ ಕಲಿಸಬೇಕಾಗಿಲ್ಲ. ಹಂಗಾಮು ಶುರುವಾತಂದ್ರ ಡಬಲ್ ಟ್ರೇಲರ್ ಕಬ್ಬು ಎಳಕೊಂಡು ಟ್ರ್ಯಾಕ್ಟರ್ ಬರ್ತಾವ. ಹಾಡು ಕೇಳೂಕಿಂತ ಮೊದಲ ಎದಿಯಾಗ ದಡ್ ದಡ್ ಅಂತೈತಿ, ಕಿಟಕಿ ಗ್ಲಾಸು ನಡುಗ್ತಾವ. ಅದು ಬೇಸ್. ಭಜನಿಯಾಗ ತಬಲಾದ ಜೋಡಿ ಡಗ್ಗಾ ಗುಮ್ ಅಂತೈತಲ್ಲ, ಅದೂ ಬೇಸ್.

ಬೇಸ್ ಗಿಟಾರಿನಾಗ ನಾಲ್ಕು ತಂತಿ: ಇ, ಎ, ಡಿ, ಜಿ. ಖುಲ್ಲಾ ಬಾರಿಸಿದರೆ ಸೆಕೆಂಡಿಗೆ ಸುಮಾರು 41, 55, 73, 98 ಸಲ ಕಂಪಿಸುತ್ತವೆ. ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಿಂತ ಸರಿಯಾಗಿ ಒಂದು ಸಪ್ತಕ ಕೆಳಗೆ. ಇಷ್ಟು ಕೆಳಗಿನ ಸ್ವರ ಬಿಗಿಯಾಗಿ ಬರಬೇಕಂದ್ರ ತಂತಿ ದಪ್ಪ ಬೇಕು, ಉದ್ದ ಬೇಕು. ಅದಕ್ಕ ನಟ್‌ನಿಂದ ಬ್ರಿಜ್‌ತನಕ 34 ಇಂಚು ಇಡುವುದು ರೂಢಿ.

ಈಗ ಒಂದು ಮುಖ್ಯ ಮಾತು. ನಿಮ್ಮ ಮೊಬೈಲಿನ ಸ್ಪೀಕರ್ 41 ಹರ್ಟ್ಜ್ ನುಡಿಸೂದ ಇಲ್ಲ. ನೀವು ಕೇಳೂದು ಅದರ ಮೇಲಿನ ಹರಾತ್ಮಕಗಳನ್ನ, ಅವೂ ಅರ್ಧಮರ್ಧ. ಉಳಿದದ್ದನ್ನ ತಲಿನ ತುಂಬಿಕೊಳ್ತೈತಿ. ಹಿಂಗಾಗಿ ರೀಲ್‌ದಾಗ ಯಾವುದೋ ಪೆಡಲಿನ ಡೆಮೊ ಕೇಳಿ "ಎಂಥಾ ಬೇಸ್ ಲೇ!" ಅಂತ ರೊಕ್ಕ ಹಾಕೂದು, ಪಾಸ್‌ಪೋರ್ಟ್ ಫೋಟೋ ನೋಡಿ ಕುಸ್ತಿ ಪೈಲ್ವಾನನ್ನ ಆರಿಸಿದಂಗ. ಡೆಮೊ ಕೇಳೂದಿದ್ರ ಚೊಲೊ ಹೆಡ್‌ಫೋನ್ ಹಾಕ್ಕೊಂಡು ಕೇಳ್ರಿ. ಮತ್ತ ಅದರ ಜೋಡಿ ಅವರು ಯಾವ ಬೇಸ್, ಯಾವ ತಂತಿ, ಎಂಥಾ ಕೈ ಅನ್ನೂದನ್ನೂ ನೋಡ್ರಿ.

3/10
ಫೋಟೋ: ನಮ್ಮ ಬೇಸಿನ ಹಿಂದಿನ ಪ್ಲೇಟು, ನಾಲ್ಕು ಸ್ಕ್ರೂ

ಇವತ್ತಿನ ರೂಪದ ಬೇಸ್ ಗಿಟಾರ್ ಹುಟ್ಟಿದ್ದು ಎಲ್ಲಿ ಅಂತ ಗೊತ್ತೇನು? ಸಂಗೀತದ ಮನೆತನದಾಗ ಅಲ್ಲ. ರೇಡಿಯೋ ರಿಪೇರಿ ಅಂಗಡಿ ನಡೆಸಿದವನ ಕೈಯಾಗ.

ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಆಂಪ್ಲಿಫೈಯರ್ ಕೆಟ್ಟವರು, ಪಿಕಪ್ ಕೆಟ್ಟವರು ಅವನ ಅಂಗಡಿಗೇ ಬರ್ತಿದ್ರು. ಅವರ ಕಷ್ಟ ಕೇಳಿ ಕೇಳಿ ಅವನು ವಾದ್ಯ ಮಾಡಲಿಕ್ಕೆ ಕಲಿತ. ಆಗ ಬ್ಯಾಂಡಿನ್ಯಾಗ ಬೇಸ್ ಅಂದ್ರ ಆಳೆತ್ತರದ ಡಬಲ್ ಬೇಸ್. ಹೊತ್ತುಕೊಂಡು ತಿರುಗಾಕ ತ್ರಾಸು, ಡ್ರಮ್ಸಿನ ಗದ್ದಲದಾಗ ಕೇಳಿಸೂದೂ ಇಲ್ಲ, ಫ್ರೆಟ್ ಇಲ್ಲದ್ದಕ್ಕ ಸ್ವರ ಹಿಡಿಯೂದೂ ಕಠಿಣ. 1951ರಲ್ಲಿ ಫೆಂಡರ್ ಹೊರತಂದ ಬೇಸಿಗೆ ಫ್ರೆಟ್ ಇದ್ದವು, ಬೆರಳು ಇಟ್ಟಲ್ಲಿ ಸ್ವರ ನಿಖರ. ಅದಕ್ಕ ಹೆಸರ "ಪ್ರಿಸಿಷನ್ ಬೇಸ್". ತಮಾಷೆ ಏನಂದ್ರ, ಈ ಪುಣ್ಯಾತ್ಮನಿಗೆ ಸ್ವತಃ ಗಿಟಾರ್ ಬಾರಿಸಾಕ ಬರ್ತಿರಲಿಲ್ಲ.

ಫೋಟೋದಾಗಿನ ನಾಲ್ಕು ಸ್ಕ್ರೂ ನೋಡ್ರಿ. ನೆಕ್ಕನ್ನು ಅಂಟು ಹಾಕಿ ಕೂಡಿಸದೆ ಸ್ಕ್ರೂ ಹಾಕಿ ಕೂಡಿಸಿದ್ದು ಅವನ ಬುದ್ಧಿ. ಹಿಂಗಿದ್ರ ಮಾಡೂದೂ ಸಸ್ತಾ, ನೆಕ್ ಕೆಟ್ಟರೆ ಬಿಚ್ಚಿ ಬ್ಯಾರೆ ಹಾಕೂದೂ ಸರಳ. ಅಂದ್ರ ಇದು ರಿಪೇರಿ ಮಾಡುವವನು, ರಿಪೇರಿ ಆಗಲಿ ಅಂತ ಮಾಡಿದ ವಾದ್ಯ. ಬ್ರಿಜ್ಜಿನ್ಯಾಗ ಒಂದೊಂದು ತಂತಿಗೆ ಸ್ಕ್ರೂ, ನೆಕ್ಕಿನ ಒಳಗ ಒಂದು ಸರಳು, ಹೊರಗ ಬಿಚ್ಚುವ ಪ್ಲೇಟು. ಎಲ್ಲಾ ನಿಮ್ಮನ್ನ ಕರೀತಾವ, "ಬಾ, ಬಿಚ್ಚಿ ನೋಡು" ಅಂತ.

ನಾವು ಮಾತ್ರ ಅದನ್ನ ದೇವರ ಮೂರ್ತಿಯಂಗ ಮುಟ್ಟಾಕ ಹೆದರ್ತೀವಿ. ಹೆದರಿ ಹೆದರಿ ಗ್ವಾಡಿಗೆ ತೂಗು ಹಾಕಿ ಬಿಡ್ತೀವಿ.

4/10
ಫೋಟೋ: ನನ್ನ ಮಲ್ಟಿ ಇಫೆಕ್ಟ್ ಪೆಡಲ್. ನಗಬ್ಯಾಡ್ರಿ

ಈಗ ನನ್ನ ತಪ್ಪಿನ ಕತಿ. ಹೋದ ಹಂಗಾಮಿನ್ಯಾಗ ಕಾಕಾನ ಟ್ರ್ಯಾಕ್ಟರಿನ ಟ್ರಿಪ್ ಲೆಕ್ಕ ಬರ್ದು ಕೊಟ್ಟೆ. ಬಂದ ರೊಕ್ಕದಾಗ ಆರು ಸಾವಿರ ಹಾಕಿ ಸೆಕೆಂಡ್ ಹ್ಯಾಂಡ್ ಮಲ್ಟಿ ಇಫೆಕ್ಟ್ ತಗೊಂಡೆ. ಅರವತ್ತು ಇಫೆಕ್ಟ್! ಮೊದಲ ವಾರ ಹಬ್ಬ. ಎರಡನೇ ವಾರ ತಿಳೀತು: ನನ್ನ ಬೇಸಿನ ಝರ್ರ್ ಅನ್ನೂ ಸದ್ದು ಈಗ ಅರವತ್ತು ಥರ ಝರ್ರ್ ಅಂತೈತಿ.

ಪೆಡಲ್ ಏನೂ ಸೃಷ್ಟಿ ಮಾಡೂದಿಲ್ಲ. ಕೊಟ್ಟದ್ದನ್ನ ಬದಲಿಸ್ತೈತಿ. ಕಂಪ್ರೆಸರ್ ದೊಡ್ಡ ಸದ್ದು ತಗ್ಗಿಸಿ ಸಣ್ಣ ಸದ್ದು ಎತ್ತುತ್ತದೆ. ನಿಮ್ಮ ಬೇಸಿನ್ಯಾಗ ಗುಂಯ್ ಅನ್ನೂ ಹಮ್ ಇದ್ರ ಅದನ್ನೂ ಎತ್ತಿ ತೋರಿಸುತ್ತದೆ. ಡಿಸ್ಟಾರ್ಷನ್ ತಂತಿಯ ಝರ್ರನ್ನ ಇನ್ನೂ ಕೆರಳಿಸುತ್ತದೆ. ಆಕ್ಟೇವ್ ಪೆಡಲಿಗೆ ಒಂದು ಸ್ವರ ಸ್ವಚ್ಛ ಸಿಗದಿದ್ರ ದಾರಿ ತಪ್ಪಿ ಒದರುತ್ತದೆ.

ಇನ್ನೊಂದು: ಗಿಟಾರಿಗೆ ಅಂತ ಮಾಡಿದ ಓವರ್‌ಡ್ರೈವನ್ನ ಬೇಸಿಗೆ ಹಾಕಿದ್ರ ಹೊಟ್ಟಿ ಖಾಲಿ ಆಗ್ತೈತಿ. ಹೆಸರಾದ ಟ್ಯೂಬ್ ಸ್ಕ್ರೀಮರ್ ಮಾದರಿಯ ಸರ್ಕೀಟು ಸುಮಾರು 720 ಹರ್ಟ್ಜಿಗಿಂತ ಕೆಳಗಿನದನ್ನು ಹಂತ ಹಂತವಾಗಿ ಕಡಿಮೆ ಎತ್ತುತ್ತದೆ. ನಿಮ್ಮ ಸ್ವರದ ಬುನಾದಿ ಇರೂದು 41ರಿಂದ ಮೇಲೆ. ಲೆಕ್ಕ ನೀವ ಹಾಕ್ರಿ. ಅದಕ್ಕಂತ ಬೇಸಿನ ಡ್ರೈವ್ ಪೆಡಲುಗಳಿಗೆ ಮೂಲ ಸದ್ದನ್ನೂ ಬೆರೆಸುವ ಬ್ಲೆಂಡ್ ಅಥವಾ ಬ್ಯಾಲೆನ್ಸ್ ಗುಂಡಿ ಇರ್ತೈತಿ. ತಗೊಳ್ಳೂದ ಆದ್ರ ಆ ಗುಂಡಿ ಇದ್ದದ್ದನ್ನ ತಗೊಳ್ರಿ.

ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೋದಾಗ 1960ರ ದಶಕದಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬರು ಬಾರಿಸ್ತಿದ್ರು. ಒಂದು ಪ್ರಿಸಿಷನ್ ಬೇಸ್, ಬಲಗೈಯ ತೋರುಬೆರಳು ಒಂದ. ತಂತಿ ಕಡಿದ ಹೊರತು ಬದಲಿಸ್ತಿರಲಿಲ್ಲ. ಪೆಡಲಿನ ಸಾಲಂತೂ ಇರಲಿಲ್ಲ. ಇವತ್ತಿಗೂ ಜಗತ್ತು ಅವರ ಬೇಸ್ ಕೇಳಿ ಕಲೀತದ. "ಅವರ ತಂತಿ ಎತ್ತರ ಇದ್ವಲ್ಲ" ಅಂತ ತಿಳಿದವರು ಕೇಳಬಹುದು. ಹೌದು, ಇದ್ವು. ಆದ್ರ ಅದು ಅವರು ತಿಳಿದು ಇಟ್ಟುಕೊಂಡ ಎತ್ತರ. ನನ್ನ ದೋಸ್ತನ ಬೇಸಿನ 5 ಮಿಲಿಮೀಟರ್ ಯಾರೂ ಇಟ್ಟದ್ದಲ್ಲ, ಯಾರೂ ನೋಡದ್ದು.

5/10
ಫೋಟೋ: ಫಿಲ್ಲರ್ ಗೇಜ್, ಎಲ್ ಕೀ, ಸ್ಟೀಲ್ ಸ್ಕೇಲ್. ಈ ಭಾಗ ಸೇವ್ ಮಾಡ್ಕೋರಿ

ಸೆಟಪ್ ಅಂದ್ರ ನಾಲ್ಕು ಕೆಲಸ. ಸಾಲು ತಪ್ಪಿಸಬ್ಯಾಡ್ರಿ, ಯಾಕಂದ್ರ ಹಿಂದಿನದು ಬದಲಾದ್ರ ಮುಂದಿನದೂ ಬದಲಾಗ್ತೈತಿ.

ಒಂದು, ಟ್ಯೂನ್. ನೀವು ಯಾವ ತಂತಿ, ಯಾವ ಸ್ವರದಾಗ ಬಾರಿಸ್ತೀರೋ ಅದಕ್ಕ ಟ್ಯೂನ್ ಮಾಡಿಯೇ ಅಳೆಯಬೇಕು.

ಎರಡು, ನೆಕ್ಕಿನ ಬಾಗು. ದಪ್ಪ ತಂತಿಯನ್ನು ಮೊದಲನೇ ಫ್ರೆಟ್ಟಿಗೆ ಕೇಪೋ ಹಾಕಿ ಒತ್ತಿ, ಕೊನೆಯ ಫ್ರೆಟ್ಟನ್ನ ಬೆರಳಿಂದ ಒತ್ತಿ. ಈಗ ತಂತಿಯೇ ನಿಮ್ಮ ನೇರ ಗೆರೆ. 8ನೇ ಫ್ರೆಟ್ಟಿನ ಮ್ಯಾಲ ಎಷ್ಟು ಸಂದು ಐತಿ ನೋಡ್ರಿ. 0.30 ಮಿಲಿಮೀಟರ್ ಆಸುಪಾಸು ಇದ್ರ ಚೊಲೊ. ಅಳೆಯಾಕ ಏನು ಬೇಕು? ಟ್ರ್ಯಾಕ್ಟರ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವ ಫಿಲ್ಲರ್ ಗೇಜ್. ನಾನು ಕೇಳಿ ತಂದೆ. "ಗಿಟಾರಿಗೂ ಟ್ಯಾಪೆಟ್ ಐತೇನೋ?" ಅಂತ ಅವರು ನಕ್ಕರು, ಕೊಟ್ಟರು.

ಮೂರು, ತಂತಿಯ ಎತ್ತರ. 17ನೇ ಫ್ರೆಟ್ಟಿನ ಮ್ಯಾಲ ಸ್ಕೇಲ್ ಇಡ್ರಿ. ದಪ್ಪ ತಂತಿಗೆ ಸುಮಾರು 2.4, ತೆಳು ತಂತಿಗೆ ಸುಮಾರು 2 ಮಿಲಿಮೀಟರಿನಿಂದ ಶುರು ಮಾಡ್ರಿ. ಬ್ರಿಜ್ಜಿನ ಸ್ಯಾಡಲಿನಾಗಿನ ಸಣ್ಣ ಸ್ಕ್ರೂ ತಿರುವಿದ್ರ ಏರ್ತೈತಿ, ಇಳೀತೈತಿ. ಜೋರಾಗಿ ಬಾರಿಸೋ ಕೈಯಾದ್ರ ಕೊಂಚ ಎತ್ತರ ಇರಲಿ.

ನಾಲ್ಕು, ಇಂಟೊನೇಶನ್. 12ನೇ ಫ್ರೆಟ್ಟಿನ ಮ್ಯಾಲ ಬೆರಳು ಬರೇ ತಾಗಿಸಿ ಹಾರ್ಮೋನಿಕ್ ತೆಗೀರಿ. ಆಮ್ಯಾಲ ಅಲ್ಲೇ ಒತ್ತಿ ಬಾರಿಸ್ರಿ. ಟ್ಯೂನರಿನ್ಯಾಗ ಎರಡೂ ಒಂದ ಇರಬೇಕು. ಒತ್ತಿದ್ದು ಏರಿದ್ರ ಸ್ಯಾಡಲ್ ಹಿಂದಕ್ಕ, ಇಳಿದ್ರ ಮುಂದಕ್ಕ. ಒಂದೊಂದು ಸಲ ಸರಿಸಿದಾಗೂ ಮತ್ತ ಟ್ಯೂನ್ ಮಾಡಿ ನೋಡ್ರಿ.

ಮೊದಲ ಸಲ ಎರಡು ತಾಸು ಹಿಡೀತು ನನಗ. ಈಗ ಅರ್ಧ ತಾಸು.

6/10
ಫೋಟೋ: ಒಳಗ ಸವೆದು ಗುಂಡಗಾದ ಟ್ರಸ್ ರಾಡ್ ನಟ್

ಈ ಫೋಟೋ ನಾಚಿಕಿಂದ ಹಾಕಿದ್ದು. ನೆಕ್ಕಿನ ಬಾಗು ಸರಿ ಮಾಡುವ ಸರಳಿಗೆ ಟ್ರಸ್ ರಾಡ್ ಅಂತಾರ. ಬಾಗು ಹೆಚ್ಚಿದ್ರ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಬೇಕು, ಕಡಿಮಿ ಇದ್ರ ಉಲ್ಟಾ ಸಡಿಲಿಸಬೇಕು. ಒಂದು ಸಲಕ್ಕ ಕಾಲು ಸುತ್ತಿಗಿಂತ ಹೆಚ್ಚು ಬ್ಯಾಡ. ತಂತಿ ಕೊಂಚ ಸಡಿಲಿಸಿ ತಿರುವಿ, ಮತ್ತ ಟ್ಯೂನ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಬೇಕು. ಕಟ್ಟಿಗಿಗೆ ನಮ್ಮಷ್ಟು ಗಡಿಬಿಡಿ ಇರಂಗಿಲ್ಲ.

ಇದೆಲ್ಲ ಈಗ ಹೇಳ್ತೀನಿ. ಅವತ್ತು ನಾನು ಇಂಚಿನ ನಟ್ಟಿಗೆ ಮಿಲಿಮೀಟರಿನ ಎಲ್ ಕೀ ಹಾಕಿದೆ. ಕೊಂಚ ಸಡಿಲ ಕುಂತಿತ್ತು. "ನಡೀತೈತಿ ಬಿಡು" ಅಂದು ಜೋರ್ ಹಾಕಿದೆ. ಕರ್ ಅಂತು. ನಟ್ಟಿನ ಒಳಗಿನ ಆರು ಮೂಲಿ ಸವೆದು ಗುಂಡಗಾದ್ವು. ಬೇಸು ಯಾರದು? ಬ್ಯಾರೆಯವರದು! ಬೆಳಗಾವಿತನಕ ಒಯ್ದು ತಿಳಿದವರ ಕಡೆಯಿಂದ ನಟ್ ಬದಲಿಸಿ ತಂದೆ. ಬಸ್ ಚಾರ್ಜು, ಕೂಲಿ ಎಲ್ಲಾ ನನ್ನ ಕಿಸೆದಿಂದ. ಅದಕ್ಕಿಂತ ತ್ರಾಸು ಆದದ್ದು ಅವರ ಮುಖ ನೋಡೂದು.

ಹಿಂಗಾಗಿ "ರಿಪೇರಿ ಕಲೀರಿ" ಅನ್ನೂದರ ಜೋಡಿ ಇದನ್ನೂ ಹೇಳ್ತೀನಿ. ಕೀ ಬರೋಬ್ಬರಿ ಕೂಡಲಿಲ್ಲ ಅಂದ್ರ ನಿಲ್ಲಿಸ್ರಿ. ತಿರುವಿದ್ರೂ ತಿರುಗಲಿಲ್ಲ ಅಂದ್ರ ನಿಲ್ಲಿಸ್ರಿ. ಫ್ರೆಟ್ ತಿಕ್ಕಿ ಮಟ್ಟ ಮಾಡೂದು, ನೆಕ್ ತಿರುಚಿದ್ದು, ಕಟ್ಟಿಗಿ ಸೀಳಿದ್ದು, ಇವಕ್ಕ ಕಲಿತವರ ಕೈ ಬೇಕು. ಎಲ್ಲಿ ನಿಲ್ಲಬೇಕು ಅನ್ನೂದೂ ರಿಪೇರಿ ವಿದ್ಯೆದ ಭಾಗ.

ನಮ್ಮ ಹವಾದ ಮಾತೂ ಇಲ್ಲೇ ಹೇಳಿ ಬಿಡ್ತೀನಿ. ಬ್ಯಾಸಗಿಯ ಒಣ ಬಿಸಿಲಿಗೆ ಕಟ್ಟಿಗಿ ಕುಗ್ಗಿ ಬಾಗು ಕಡಿಮಿ ಆಗ್ತೈತಿ, ತಂತಿ ಫ್ರೆಟ್ಟಿಗೆ ತಾಗಿ ಝರ್ರ್ ಅಂತೈತಿ. ಫ್ರೆಟ್ಟಿನ ತುದಿ ಹೊರಗ ಬಂದು ಕೈಗೆ ಚುಚ್ಚತಾವ. ಮಳಿಗಾಲದಾಗ ಉಲ್ಟಾ, ಕಟ್ಟಿಗಿ ಉಬ್ಬಿ ತಂತಿ ಏರ್ತಾವ. ಹಂಗಾಗಿ ವರ್ಷಕ್ಕ ಎರಡು ಸಲ ಅಳೀರಿ. ಪತ್ರಾಸಿನ ಕೆಳಗ, ಬಿಸಿಲಿಗೆ ನಿಂತ ಕಾರಿನ್ಯಾಗ ಮಾತ್ರ ಎಂದೂ ಇಡಬ್ಯಾಡ್ರಿ.

7/10
ಫೋಟೋ: ಟೀವಿ ರಿಪೇರಿ ಅಂಗಡಿ ಮೇಜು, ನಡುವ ನನ್ನ ಬೇಸು

ನನ್ನ ಬೇಸಿನ ಸದ್ದು ಒಮ್ಮಿ ಬರ್ತಿತ್ತು, ಒಮ್ಮಿ ಹೋಗ್ತಿತ್ತು. ದೊಡ್ಡ ಊರಿನ ಒಂದು ಅಂಗಡಿಗೆ ಒಯ್ದೆ. ಬಿಚ್ಚದ "ಪಿಕಪ್ ಹೋಗೇತಿ, ಬದಲಿಸಬೇಕು" ಅಂದ್ರು. ಹೇಳಿದ ರೇಟಿಗೆ ಇನ್ನಷ್ಟು ಹಾಕಿದ್ರ ಇನ್ನೊಂದು ಸೆಕೆಂಡ್ ಹ್ಯಾಂಡ್ ಬೇಸ್ ಬರ್ತಿತ್ತು. ಸುಮ್ನ ಮರಳಿ ಬಂದೆ.

ಊರಿಗೆ ಬಂದು ಟೀವಿ ರಿಪೇರಿ ಕಾಕಾನ ಮುಂದ ಇಟ್ಟೆ. ಅವರು ಜನ್ಮದಾಗ ಬೇಸ್ ಮುಟ್ಟಿದವರಲ್ಲ. ಮಲ್ಟಿಮೀಟರ್ ತಗೊಂಡ್ರು, ಪಿಕಪ್ಪಿನ ಎರಡು ವೈರಿಗೆ ಹಚ್ಚಿದ್ರು. ಹತ್ತು ಕಿಲೋ ಓಮ್ ಹತ್ತಿರ ತೋರಿಸ್ತು. "ಕಾಯಿಲ್ ಜೀವಂತ ಐತಿ" ಅಂದ್ರು. ಆಮ್ಯಾಲ ಜ್ಯಾಕ್ ಅಲುಗಾಡಿಸಿದ್ರು. ಸಿಕ್ತು! ಜ್ಯಾಕಿನ ನಟ್ ಸಡಿಲಾಗಿ ಪ್ರತಿ ಸಲ ವೈರ್ ತಿರುಚಿ ತಿರುಚಿ ಬೆಸುಗಿ ಬಿಟ್ಟಿತ್ತು. ಒಂದು ಹನಿ ಸೋಲ್ಡರ್, ಎರಡು ನಿಮಿಷ. ಚಹಾ ಕುಡಿಸಿದೆ, ಅಷ್ಟ ಖರ್ಚು.

ಅವತ್ತು ಕಲಿತದ್ದು ಹೇಳ್ತೀನಿ. ಪಿಕಪ್ ಅಂದ್ರ ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಸುಲಭಕ್ಕ ಸಾಯೂದಿಲ್ಲ. ಸಾಯೂದು ಹೆಚ್ಚಾಗಿ ಬೆಸುಗಿ, ಜ್ಯಾಕು, ಕೇಬಲ್ಲು. ಗುಂಡಿ ತಿರುವಿದಾಗ ಖರ್ ಖರ್ ಅಂದ್ರ ಪಾಟಿನ್ಯಾಗ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುವಿರಿ. ಪಾಟ್ ಸತ್ತದ್ದ ಆದ್ರ, ಪ್ಯಾಸಿವ್ ಬೇಸಿಗೆ ಸಾಮಾನ್ಯವಾಗಿ 250 ಕಿಲೋ ಓಮ್ ಪಾಟ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಚಿಲ್ಲರೆ ರೊಕ್ಕದ ಸಾಮಾನು. ಆ್ಯಕ್ಟಿವ್ ಬೇಸ್ ಇದ್ದವರು ಬಾರಿಸಿದ ಮ್ಯಾಲ ಕೇಬಲ್ ಕಿತ್ತಿಡ್ರಿ, ಜ್ಯಾಕ್ ಸಿಕ್ಕಿಸಿದ್ರ 9 ವೋಲ್ಟ್ ಬ್ಯಾಟರಿ ಉರೀತಾನ ಇರ್ತೈತಿ.

ಗುಂಯ್ ಅನ್ನೂ ಹಮ್ಮಿಗೂ ಒಂದು ಪರೀಕ್ಷೆ ಐತಿ. ಜ್ಯಾಕಿನ ಲೋಹ ಮುಟ್ಟಿದ್ರ ಹಮ್ ತಗ್ಗಿ, ತಂತಿ ಮುಟ್ಟಿದ್ರ ತಗ್ಗದಿದ್ದರೆ, ಬ್ರಿಜ್ಜಿಗೆ ಹೋಗುವ ಅರ್ಥ್ ವೈರ್ ಕಡಿದಿರಬೇಕು. ತಮಾಷೆ ಅಂದ್ರ, ನಮ್ಮ ಕರೆಂಟಿನ ಹಮ್ 50 ಹರ್ಟ್ಜ್, ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಹಾಡು ಜಿ ಸ್ಕೇಲಿನಾಗ ಇದ್ರ ಕರೆಂಟ್ ಕಂಪನಿಯೂ ನಿಮ್ಮ ಜೋಡಿ ಬಾರಿಸ್ತೈತಿ!

8/10
ಫೋಟೋ: ಮೂರು ಪಿನ್ನಿನ ಪ್ಲಗ್. ಈ ಭಾಗ ನಗೂದಕ್ಕಲ್ಲ

ಹಮ್ ಬಂದ್ರ ಕಿವಿಗೆ ತ್ರಾಸು. ಅರ್ಥ್ ಇಲ್ಲದ್ರ ಜೀವಕ್ಕ ತ್ರಾಸು.

ಜಾತ್ರಿ, ಗಣೇಶ ಹಬ್ಬ, ಗ್ಯಾದರಿಂಗ್. ಪೆಂಡಾಲಿನ ಹಿಂದ ಕರೆಂಟ್ ಎಲ್ಲಿಂದ ಎಳೆದಾರ ಯಾರಿಗೂ ಗೊತ್ತಿರಂಗಿಲ್ಲ. ಆಂಪ್ ಒಂದು ಬೋರ್ಡಿಗೆ, ಮಿಕ್ಸರ್ ಇನ್ನೊಂದು ಬೋರ್ಡಿಗೆ. ಮೂರನೇ ಪಿನ್ ಮುರಿದದ್ದು, ಇಲ್ಲಾ ಬರೇ ಎರಡು ವೈರ್ ತುರುಕಿದ್ದು. ಬೇಸಿನ ತಂತಿ ಆಂಪಿನ ಅರ್ಥ್‌ಗೆ ಕೂಡಿರ್ತಾವ, ಮೈಕಿನ ಜಾಳಿಗಿ ಮಿಕ್ಸರಿನ ಅರ್ಥ್‌ಗೆ. ಒಂದು ಕಡೆ ಕರೆಂಟ್ ಸೋರಿದ್ರ, ಕೈ ತಂತಿ ಮ್ಯಾಲ, ತುಟಿ ಮೈಕಿಗೆ. ನಡುವ ನೀವು.

1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ, ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ಸ್ಟೇಜಿನ ಮೇಲೆಯೇ ತೀರಿಕೊಂಡ. ಮುಂದ ಕುಂತು ಕೇಳುವ ಜನರ ಎದುರಿಗೇ.

ಹಂಗಾಗಿ ನಿಯಮ ಇಟ್ಟುಕೊಳ್ರಿ. ಎಲ್ಲಾ ಒಂದ ಬೋರ್ಡಿನಿಂದ, ಅರ್ಥ್ ಇದ್ದ ಬೋರ್ಡಿನಿಂದ. ಹಮ್ ಕಡಿಮಿ ಆಗಲಿ ಅಂತ ಅರ್ಥ್ ಪಿನ್ ಕೀಳೂದು ಎಂದೂ ಬ್ಯಾಡ. ತಂತಿಗೆ, ಮೈಕಿಗೆ ಟೆಸ್ಟರ್ ಹಚ್ಚಿ ನೋಡ್ರಿ, ದೀಪ ಹತ್ತಿದ್ರ ಸ್ಟೇಜಿನಿಂದ ಇಳೀರಿ. ತುಟಿಗೆ ಚುರ್ ಅಂದ್ರ "ಸಣ್ಣ ಶಾಕ್, ನಡೀತೈತಿ" ಅನ್ನಬ್ಯಾಡ್ರಿ. "ಹುಡುಗ ಹೆದರ್ತಾನ" ಅಂತ ಆರ್ಕೆಸ್ಟ್ರಾದವರು ನಕ್ರ ನಗಲಿ.

ಅಡಾಪ್ಟರಿನ ಮಾತೂ ಹಿಂಗ. ಹೆಚ್ಚಿನ ಪೆಡಲುಗಳಿಗೆ 9 ವೋಲ್ಟ್ ಡಿಸಿ, ನಡುವಿನ ಪಿನ್ ಮೈನಸ್. ಮನಿಯಾಗಿನ ವೈಫೈ ರೌಟರಿನ ಅಡಾಪ್ಟರಿಗೆ ಸಾಮಾನ್ಯವಾಗಿ ನಡುವಿನ ಪಿನ್ ಪ್ಲಸ್, ಕೆಲವಕ್ಕ ವೋಲ್ಟೂ 12. ಪಿನ್ ಕೂಡ್ತೈತಿ ಅಂತ ಹಾಕಿದ್ರ ಪೆಡಲ್ ಸುಟ್ಟು ಹೋಗಬಹುದು. ಮೈ ಮ್ಯಾಲ ಬರೆದ ಸಣ್ಣ ಚಿತ್ರ ನೋಡಿ ಹಾಕ್ರಿ.

9/10
ಫೋಟೋ: ಮೋಟಾರ್ ರಿವೈಂಡಿಂಗ್ ಅಂಗಡಿ, ಬಾಗಿಲಾಗ ತಾಮ್ರದ ಸುರುಳಿ

ನಮ್ಮಲ್ಲಿಂದ ಕುಡಚಿ ದಾಟಿ ಗಡಿ ಆಚೆ ಹೋದ್ರ ಮಿರಜ್. ನಮ್ಮ ಕಡೆಯ ಗಾಯಕರ ಮನಿಯಾಗಿನ ತಂಬೂರಿ ಎಷ್ಟೋ ಅಲ್ಲಿಂದ ಬಂದಾವ. ಆ ಕಸುಬು ಹುಟ್ಟಿದ್ದು ಹೆಂಗ ಗೊತ್ತೇನು? ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದ ಫರೀದಸಾಹೇಬರು 19ನೇ ಶತಮಾನದಲ್ಲಿ ವಾದ್ಯಗಳ ರಿಪೇರಿಗೆ ಕೈ ಹಾಕಿದರು. ಬಿಚ್ಚಿ ಕಲಿತರು, ಆಮೇಲೆ ತಾವೇ ಮಾಡಿದರು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಜಿಐ ಮಾನ್ಯತೆಯೂ ಬಂತು. ಫುಲರ್ಟನ್ನಿನ್ಯಾಗ ರೇಡಿಯೋ ರಿಪೇರಿ, ಮಿರಜಿನ್ಯಾಗ ಕತ್ತಿ ಸಾಣೆ. ಎರಡೂ ಕಡೆ ವಾದ್ಯ ಹುಟ್ಟಿದ್ದು ರಿಪೇರಿಯ ಮೇಜಿನ ಮ್ಯಾಲ.

ತಂಬೂರಿಗೆ ಜವಾರಿ ತೆಗೆಯೂದು ಅಂತಾರ. ಜವಾರಿ ಕೋಳಿಯ ಜವಾರಿ ಅಲ್ಲ ಮತ್ತ! ತಂತಿ ಕುಂತ ಕುದುರೆಯ ಮೈಯನ್ನು ಕೂದಲೆಳೆಯಷ್ಟು ತಿಕ್ಕಿ, ತಂತಿಯ ಕೆಳಗ ದಾರದ ಎಳೆ ಸರಿಸಿ, ಝುಂ ಅನ್ನೂ ಜೀವ ತರೂದು. ಅದ ತಂತಿ ತಾಗೂ ಸದ್ದು ಬೇಸಿನ ಫ್ರೆಟ್ಟಿನ ಮ್ಯಾಲ ಬಂದ್ರ ನಾವು ಬೈತೀವಿ. ತಂಬೂರಿಗೆ ಬೇಕಾದದ್ದು ಬೇಸಿಗೆ ಬ್ಯಾಡ. ಆದ್ರ ಎರಡೂ ಕಡೆ ಕೆಲಸ ಒಂದ: ತಂತಿ ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಅಂತ ಕಿವಿಗೊಟ್ಟು ಕೂದಲೆಳೆಯಷ್ಟು ಸರಿಪಡಿಸೂದು.

ಈಗ ನಮ್ಮ ಸುತ್ತ ನೋಡ್ರಿ. ಮಹಾಲಿಂಗಪುರ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ. ಪಂಪ್‌ಸೆಟ್ ಸುಟ್ಟರೆ ಯಾರಾದ್ರೂ ಒಗೀತಾರೇನು? ರಿವೈಂಡ್ ಮಾಡಿಸ್ತಾರ. ಮಗ್ಗ ಕೆಟ್ಟರೆ ಬಿಚ್ಚಿ ಕೂಡಿಸ್ತಾರ. ಭಜನಿ ಪೇಟಿ ಸೀಳಿದ್ರ ಸ್ವರ ಕೂಡಿಸಿ ಕೊಡುವವರು ಅದಾರ. ಕಾಯಿಲ್, ಬೆಸುಗಿ, ಸಂದು, ಎಳೆತ, ಎಲ್ಲಾ ತಿಳಿದ ಕೈಗಳು ನಮ್ಮ ಓಣಿಯಾಗ ಅದಾವ. ಅಂಥಾ ಊರಿನ ಮಕ್ಕಳು ನಾವು, ಒಂದು ಸಡಿಲ ಜ್ಯಾಕಿಗೆ ಹೆದರಿ ಬೇಸ್ ಅಟ್ಟಕ್ಕ ಹಾಕ್ತೀವಿ. ಇದು ನನಗ ಒಪ್ಪಂಗಿಲ್ಲ. ಗಿಟಾರ್ ಅಂದ ಕೂಡಲೇ "ಇದು ಬೆಂಗಳೂರಿನ ವಸ್ತು" ಅಂತ ಯಾಕ ಅಂದುಕೊಳ್ತೀವಿ?

10/10
ಫೋಟೋ: ಒಂದು ಹಳೇ ಬಿಸ್ಕೀಟ್ ಡಬ್ಬಿ

ಹಂಗಂತ ಪೆಡಲ್ ಪಾಪ ಅಂತ ನಾನು ಹೇಳಂಗಿಲ್ಲ. ಅದೂ ಒಂದು ಬಣ್ಣ. ಆಕ್ಟೇವ್ ಪೆಡಲಿನಿಂದ ಸಿಂಥ್ ಸದ್ದು ತೆಗೆದು ನಮ್ಮ ಜಾನಪದ ಹಾಡಿಗೆ ಹಾಕುವ ಆಸೆ ನನಗೂ ಐತಿ. ಸ್ಟೇಜಿನ ಮ್ಯಾಲ ಉದ್ದ ಕೇಬಲ್ ಎಳೆಯೂದಿದ್ರ ಒಂದು ಡಿಐ ಬಾಕ್ಸ್ ಬೇಕ ಬೇಕು, ಅದು ಷೋಕಿ ಅಲ್ಲ. ನಾನು ಹೇಳೂದು ಸಾಲಿನ ಮಾತು: ಮೊದಲು ಸೆಟಪ್, ಆಮ್ಯಾಲ ಚೊಲೊ ಕೇಬಲ್, ಆಮ್ಯಾಲ ಹೊಸ ತಂತಿ, ಆಮ್ಯಾಲ ಕೈ. ಇಷ್ಟಾದ ಮ್ಯಾಲೂ "ಇದೊಂದು ಸದ್ದು ಸಿಗವಲ್ದು" ಅಂತ ಹಾಡೇ ಕೇಳಿದಾಗ ಪೆಡಲ್ ತಗೊಳ್ರಿ. ತಂತಿಗೆ ರೊಕ್ಕ ಇಲ್ಲದ್ರ ಹಳೇವನ್ನ ಹತ್ತು ನಿಮಿಷ ನೀರಾಗ ಕುದಿಸಿ, ಪೂರ್ತಿ ಒಣಗಿಸಿ ಹಾಕ್ರಿ. ಎಣ್ಣಿ, ಮಣ್ಣು ಬಿಟ್ಟು ಒಂದಿಷ್ಟು ದಿನ ಹೊಳಪು ಬರ್ತೈತಿ. ಅವ್ವನ ಅಡಗಿ ಪಾತೇಲಿ ಮಾತ್ರ ಬ್ಯಾಡ, ಬೈಸಿಕೊಂಡು ಹೇಳ್ತೀನಿ.

ಕಿವಿಗೆ ಪಾಠ ಬೇಕಂದ್ರ 1981ರ "ಗೀತಾ" ಚಿತ್ರದ ಹಾಡು ಹೆಡ್‌ಫೋನಿನಾಗ ಕೇಳ್ರಿ. ಇಳಯರಾಜಾ ಸಂಗೀತ. ಹಾಡಿನ ಮಾತು ಬಿಟ್ಟು ಬರೇ ಬೇಸಿನ ಹಿಂದ ಕಿವಿ ಕಳಿಸ್ರಿ.

ಈಗ ಡಬ್ಬಿಯ ವಿಷಯ. ಇದರಾಗ ಅದಾವ: ಇಂಚು ಮತ್ತು ಮಿಲಿಮೀಟರ್ ಎರಡೂ ಎಲ್ ಕೀ ಸೆಟ್, ಫಿಲ್ಲರ್ ಗೇಜ್, ಸ್ಟೀಲ್ ಸ್ಕೇಲ್, ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಕಾಂಟ್ಯಾಕ್ಟ್ ಕ್ಲೀನರ್, ಟೆಸ್ಟರ್. ಸೋಲ್ಡರಿನ್ಯಾಗ ಸೀಸ ಇರ್ತೈತಿ, ಮುಟ್ಟಿದ ಮ್ಯಾಲ ಕೈ ತೊಳೀರಿ. ನಾಲ್ಕು ಜನ ಕೂಡಿ ರೊಕ್ಕ ಹಾಕಿ ಮಾಡೀವಿ, ಒಬ್ಬೊಬ್ಬರಿಗೆ ಒಂದು ಸಾದಾ ಪೆಡಲಿಗಿಂತ ಕಡಿಮಿ ಬಿತ್ತು. ಈ ಡಬ್ಬಿ ಯಾರದೂ ಅಲ್ಲ, ಎಲ್ಲಾರದು. ನಿಮ್ಮ ಮನಿಯಾಗ ಬೇಸ್, ಗಿಟಾರ್ ಸುಮ್ನ ಕುಂತಿದ್ರ ಮೆಸೇಜ್ ಹಾಕ್ರಿ, ಡಬ್ಬಿ ತಗೊಂಡು ಬರ್ತೀವಿ. ಫೀ ಇಲ್ಲ. ನಟ್ ಸವೆದ್ರ ಜವಾಬ್ದಾರಿ ನಂದು, ಅನುಭವ ಐತಿ.

ಕಡೀಕ, ಆ ಅಟ್ಟದ ಬೇಸಿನ ದೋಸ್ತ. ಸೆಟಪ್ ಮುಗಿಸಿ ಅವನ ಕೈಯಾಗ ಕೊಟ್ವಿ. ಮೊದಲನೇ ಫ್ರೆಟ್ ಒತ್ತಿದ. ಸ್ವರ ಬಂತು, ಸ್ವಚ್ಛ. ಇನ್ನೊಮ್ಮಿ ಒತ್ತಿದ. ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲ ಅಂದ, "ಲೇ, ಎರಡು ವರ್ಷ ನನ್ನ ಕೈಗೆ ಬೈಕೊಂತ ಕುಂತಿದ್ನಲ್ಲೋ."

ನಿಮ್ಮ ಕೈಗೆ ಬೈಯೂ ಮೊದಲು ಒಂದು ಸ್ಕೇಲ್ ಹಿಡಿದು ಅಳೀರಿ. ಇಷ್ಟ ನನ್ನ ಮಾತು.

ನೀವು ಅಳೆದ ಅಳತಿ ಕಾಮೆಂಟಿನ್ಯಾಗ ಹಾಕ್ರಿ. 17ನೇ ಫ್ರೆಟ್, ದಪ್ಪ ತಂತಿ, ಎಷ್ಟು ಮಿಲಿಮೀಟರ್?

#ಬೇಸ್‌ಗಿಟಾರ್ #ಸಮೀರವಾಡಿ #ರಿಪೇರಿಡಬ್ಬಿ #ಪೆಡಲ್‌ಆಮ್ಯಾಲ #ನಮ್ಮಬಾಗಲಕೋಟೆ